ಹಳೆಯ ಹತ್ತರಿಗೆ ಬೆಲೆ ಬರುವುದು ಎಲ್ಲಿಂದ?

ಪ್ರಶ್ನೆ: ನಾವಿರುವುದು ಬಾಸ್ಟನ್ ಹತ್ತಿರ. ಬ್ರಿಮ್‌ಫೀಲ್ಡಿನ ಹಳೇ ಸಾಮಾನಿನ ಸಂತೆಯಲ್ಲಿ ಮರದ ಎರಡು ಹತ್ತರಿ (ನಮ್ಮ ಕಡೆ ಉಜ್ಜುಗೊರಡು ಅಂತೀವಿ) ನೋಡಿದೆ. ಕಣ್ಣಿಗೆ ಎರಡೂ ಒಂದೇ ಥರ. ಒಂದಕ್ಕೆ ಇಪ್ಪತ್ತು ಡಾಲರ್, ಇನ್ನೊಂದಕ್ಕೆ ಸಾವಿರಗಟ್ಟಲೆ ಹೇಳಿದರು. ಹಳೆಯದಾದಷ್ಟೂ ಬೆಲೆ ಜಾಸ್ತಿ ಅಂತಲೇ?

ಉತ್ತರ: ಬರೀ ವಯಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಬೀಚ್ ಎಂಬ ಗಟ್ಟಿ ಮರದ ಹತ್ತರಿಗಳನ್ನು ರಾಶಿರಾಶಿಯಾಗಿ ಮಾಡಿ ಮಾರಿದರು. ಅಂಚಿಗೆ ಉಬ್ಬು, ತಗ್ಗು ಕೊರೆಯುವ ಜೋಡಿಗಳ ಪೂರ್ತಿ ಸೆಟ್ ಎಂದರೇ 36 ಹತ್ತರಿ. ಹೀಗಾಗಿ ನೂರೈವತ್ತು ವರ್ಷದ ಹತ್ತರಿ ಇವತ್ತಿಗೂ ಒಂದು ಹೋಟೆಲ್ ಊಟದ ದುಡ್ಡಿಗೆ ಸಿಗುತ್ತದೆ.

ಬೆಲೆ ಕೂತಿರುವುದು ಮೂತಿಯ ಮೇಲೆ. ಹತ್ತರಿಯ ಮುಂದಿನ ತುದಿಯನ್ನು ನಿಮ್ಮ ಕಡೆ ತಿರುಗಿಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬರಿಗಣ್ಣಿಗೆ ಕಾಣದ ಅಕ್ಷರಗಳು ನೆರಳಿನಲ್ಲಿ ಎದ್ದು ಬರುತ್ತವೆ. ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ಗಾಬರಿ ಬೇಡ. ಮೇಲ್ಭಾಗದಲ್ಲಿ, ನಡುಮಧ್ಯಕ್ಕೆ, ಆಳವಾಗಿ ಒಂದೇ ಸಲ ಒತ್ತಿದ್ದು ಸಾಮಾನ್ಯವಾಗಿ ತಯಾರಕನದು. ಹಿಂದೆ ಮುಂದೆ ಎಲ್ಲೆಂದರಲ್ಲಿ ಕುಟ್ಟಿರುವುದು ಬಳಸಿದ ಬಡಗಿಗಳದು. ಪಾತ್ರೆ ಮೇಲೆ ಹೆಸರು ಹಾಕಿಸುತ್ತೇವಲ್ಲ, ಹಾಗೆ.

ನಿಮ್ಮ ಮ್ಯಾಸಚೂಸೆಟ್ಸಿನಲ್ಲೇ ರೆಂಥಮ್ ಎಂಬ ಊರಿದೆ. ಅಮೆರಿಕದಲ್ಲಿ ತನ್ನ ಹೆಸರು ಒತ್ತಿ ಹತ್ತರಿ ಮಾಡಿದ ಮೊದಲಿಗರಲ್ಲಿ ಒಬ್ಬನಾದ ಫ್ರಾನ್ಸಿಸ್ ನಿಕಲ್ಸನ್ ಅಲ್ಲಿದ್ದ. ಅವನ ಗುಲಾಮ ಸೀಸರ್ ಚೇಲರ್ ಅವನ ಜೊತೆಗೇ ಕೆಲಸ ಕಲಿತ. 1753ರಲ್ಲಿ ನಿಕಲ್ಸನ್ ತೀರಿಕೊಂಡಾಗ ಉಯಿಲಿನ ಪ್ರಕಾರ ಚೇಲರನಿಗೆ ಬಿಡುಗಡೆಯಾಯಿತು. ಹತ್ತು ಎಕರೆ ಜಮೀನು, ಕೆಲಸದ ಮಣೆ, ಉಪಕರಣಗಳೂ ಬಂದವು. 1784ರಲ್ಲಿ ಸಾಯುವವರೆಗೂ ಸ್ವತಂತ್ರವಾಗಿ ಹತ್ತರಿ ಮಾಡಿದ. ಅವುಗಳ ಮೂತಿಯ ಮೇಲೆ ಅವನ ಹೆಸರು, ಕೆಳಗೆ ‘ಲಿವಿಂಗ್ ಇನ್ ರೆಂಥಮ್’. ನಿನ್ನೆವರೆಗೆ ಇನ್ನೊಬ್ಬನ ಆಸ್ತಿಯ ಲೆಕ್ಕದಲ್ಲಿದ್ದವನು ‘ನಾನು ಈ ಊರಿನವನು’ ಎಂದು ಮರಕ್ಕೆ ಒತ್ತಿದ್ದಾನೆ! ಸಂಗ್ರಹಕಾರರು ಸಾವಿರಾರು ಡಾಲರ್ ಕೊಡುವುದು ಆ ಒಂದು ಸಾಲಿಗೆ ಅನ್ನುವುದು ನನ್ನ ಅನಿಸಿಕೆ. ಹತ್ತರಿಯಾಗಿ ಅದು ಇಪ್ಪತ್ತು ಡಾಲರಿನದಕ್ಕಿಂತ ಚೆನ್ನಾಗಿ ಏನೂ ಕೀಸುವುದಿಲ್ಲ.

ದುಡ್ಡಿರುವ ಕಡೆ ನಕಲಿಯೂ ಇರುತ್ತದೆ. ಹಾಗಾಗಿ ಅಚ್ಚೊಂದನ್ನೇ ನಂಬಬೇಡಿ, ಮರವೂ ಅದೇ ಮಾತು ಹೇಳಬೇಕು. ನ್ಯೂ ಇಂಗ್ಲೆಂಡಿನ (ನಿಮ್ಮ ಮ್ಯಾಸಚೂಸೆಟ್ಸೂ ಸೇರಿದ ಈಶಾನ್ಯ ಅಮೆರಿಕದ) ಆ ಕಾಲದ ಹತ್ತರಿಗಳು ಹೆಚ್ಚಾಗಿ ಹಳದಿ ಬರ್ಚ್ ಮರದವು, ಉದ್ದ ಹತ್ತು ಇಂಚಿನ ಆಸುಪಾಸು; ಮೇಲಂಚುಗಳನ್ನು ಅಗಲವಾಗಿ, ಚಪ್ಪಟೆಯಾಗಿ ಸವರಿರುತ್ತಾರೆ. ಆಮೇಲಿನವು ಒಂಬತ್ತೂವರೆ ಇಂಚಿಗೆ ನಿಂತವು, ಅಂಚೂ ದುಂಡಗಾಯಿತು. ಅಲಗನ್ನು ಬಿಗಿಹಿಡಿಯುವ ಬೆಣೆಯನ್ನೂ ನೋಡಿ. ಬೇರೆ ಹತ್ತರಿಯಿಂದ ತಂದು ಸಿಕ್ಕಿಸಿದ್ದಾದರೆ ಬಣ್ಣ ಹೊಂದುವುದಿಲ್ಲ, ಸಂದು ಕಾಣುತ್ತದೆ. ಅಲಗಿನ ಪಕ್ಕದಲ್ಲಿ, ಹರಿತವಾದ ತುದಿಯ ಹತ್ತಿರ, ಸಣ್ಣ ಗೆರೆಯೊಂದಿದ್ದರೆ ಒಳ್ಳೆಯದು: ಮೆತ್ತನೆ ಕಬ್ಬಿಣಕ್ಕೆ ಉಕ್ಕಿನ ಪಟ್ಟಿಯನ್ನು ಕುಲುಮೆಯಲ್ಲಿ ಬೆಸೆದ ಗುರುತು ಅದು.

ಹುಳು ತಿಂದದ್ದು, ಸೀಳಿದ್ದು, ತುದಿ ಕತ್ತರಿಸಿದ್ದು ಬೆಲೆ ಇಳಿಸುತ್ತವೆ. ಎಬೊನಿ ಮರ, ಆನೆದಂತದ ತುದಿ ಇರುವ, ಹಲಗೆಯಲ್ಲಿ ಉದ್ದ ತೋಡು ಕೊರೆಯುವ ಹತ್ತರಿಗಳು ಹೆಸರಿಲ್ಲದಿದ್ದರೂ ದುಬಾರಿ. ಆದರೆ ದಂತ ಇದ್ದರೆ ಕೊಳ್ಳುವ ಮುನ್ನ, ಮಾರುವ ಮುನ್ನ ಕಾನೂನು ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು. ಮನೆಗೆ ತಂದ ಉತ್ಸಾಹದಲ್ಲಿ ಮೂತಿಗೆ ಮರಳುಕಾಗದ ತಿಕ್ಕಿ ವಾರ್ನಿಷ್ ಬಳಿಯಬೇಡಿ. ಅಕ್ಷರ ಅಳಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಹೊಳೆಯುವ ಮರದ ತುಂಡು. ಒಣಬಟ್ಟೆಯಲ್ಲಿ ಒರೆಸಿ ಇಡಿ. ಇಪ್ಪತ್ತು ಡಾಲರಿನದನ್ನು ತಂದಿದ್ದರೆ ಇನ್ನೂ ಸಲೀಸು: ಅಲಗು ಮಸೆದು, ಬೆಣೆ ತಟ್ಟಿ, ಒಂದು ಹಲಗೆಯ ಮೇಲೆ ಓಡಿಸಿ ನೋಡಿ.