ಬಿಸಿಯೂಟದ ತರಕಾರಿ ತಟ್ಟೆಯಂಚಿಗೆ, ಐದು ರೂಪಾಯಿ ಪ್ಯಾಕೆಟ್ಟು ಬಾಯಿಗೆ: ಶಾಲೆ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಅರವತ್ತು ಮಕ್ಕಳು. ಸಾಂಬಾರಿನಲ್ಲಿರುವ ತರಕಾರಿಯನ್ನೆಲ್ಲ ಆರಿಸಿ ತಟ್ಟೆಯ ಅಂಚಿಗೆ ಸರಿಸುತ್ತಾರೆ. ಗೇಟಿನ ಎದುರಿನ ಅಂಗಡಿಯ ಚಿಪ್ಸು, ಕುರುಕಲು ಮಾತ್ರ ಉಳಿಯುವುದಿಲ್ಲ. ಚಾರ್ಟು ಬರೆಸಿದ್ದಾಯಿತು, ಪ್ರಾರ್ಥನೆಯ ಹೊತ್ತಿಗೆ ಹೇಳಿದ್ದಾಯಿತು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಇನ್ನೇನು ಮಾಡಬಹುದು?

ಉತ್ತರ: ಚಾರ್ಟು ಗೋಡೆಯ ಮೇಲೆ ಇದ್ದುಕೊಳ್ಳಲಿ. ಯಾವುದರಲ್ಲಿ ಯಾವ ವಿಟಮಿನ್ ಇದೆಯೆಂದು ಎರಡನೇ ತರಗತಿಯ ಮಗುವಿಗೆ ಬಾಯಿಪಾಠ ಬರುತ್ತದೆ. ಅದೇ ಮಗು ಮಧ್ಯಾಹ್ನ ಕುಂಬಳಕಾಯಿ ಹೋಳನ್ನು ಬದಿಗಿಡುತ್ತದೆ. ತಿಳಿವಳಿಕೆ ಕಡಿಮೆಯಾಗಿ ಹೀಗಾಗುತ್ತಿಲ್ಲ. ಹೆಚ್ಚುವ ಅಳತೆ, ಬೇಯಿಸುವ ಹೊತ್ತು, ಬಡಿಸುವ ಕ್ರಮ, ಬೆಳಿಗ್ಗೆ ಮನೆಯಿಂದ ಕೈಗೆ ಬರುವ ಚಿಲ್ಲರೆ, ಇವು ಬದಲಾದರೆ ತಟ್ಟೆ ಬದಲಾಗುತ್ತದೆ.

ಮೊದಲು ಲೆಕ್ಕ ನೋಡಿ. 1ರಿಂದ 5ನೇ ತರಗತಿಯ ಮಗುವೊಂದಕ್ಕೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂಬುದು ಬಿಸಿಯೂಟದ ನಿಗದಿ. ಒಟ್ಟು 450 ಕ್ಯಾಲರಿ, 12 ಗ್ರಾಂ ಪ್ರೋಟೀನ್ ಸಿಗಬೇಕು. ಅರವತ್ತು ಮಕ್ಕಳೂ ಬಂದ ದಿನ 6 ಕೆ.ಜಿ. ಅಕ್ಕಿ, 1.2 ಕೆ.ಜಿ. ಬೇಳೆ, 3 ಕೆ.ಜಿ. ತರಕಾರಿ, 300 ಗ್ರಾಂ ಎಣ್ಣೆ. ಆ ಮೂರು ಕೆ.ಜಿ.ಯಲ್ಲಿ ಈರುಳ್ಳಿ, ಟೊಮೆಟೊ, ಆಲೂಗಡ್ಡೆಯದೇ ಪಾಲು ಎಷ್ಟು ಎಂದು ಒಂದು ವಾರ ಬರೆದಿಡಿ. ತರಕಾರಿ ದರ ಏರಿದಾಗ ಲೆಕ್ಕ ತುಂಬುವುದು ಇವೇ.

ಅದೇ ವಾರ ತಟ್ಟೆ ತೊಳೆಯುವಲ್ಲಿ ಎರಡು ಬಕೆಟ್ ಇಡಿ: ಒಂದು ತರಕಾರಿಗೆ, ಇನ್ನೊಂದು ಅನ್ನಕ್ಕೆ. ಊಟವಾದ ಮೇಲೆ ತೂಗಿ, ಅಂದಿನ ಅಡುಗೆಯ ಹೆಸರಿನ ಮುಂದೆ ಬರೆಯಿರಿ. ಸಾಂಬಾರು ಹೀರಿದ ಹೋಳು ಹಸಿ ತರಕಾರಿಗಿಂತ ಹೆಚ್ಚು ತೂಗಬಹುದು, ಹಾಗಾಗಿ ಆ ಅಂಕಿಯನ್ನು ಖರೀದಿಯ ತೂಕದ ಜೊತೆ ಹೋಲಿಸಬೇಡಿ. ಯಾವ ದಿನ ಹೆಚ್ಚು, ಯಾವ ದಿನ ಕಡಿಮೆ ಎಂದಷ್ಟೇ ನೋಡಿ. ಯಾರು ಬಿಟ್ಟರು ಎಂಬ ಪಟ್ಟಿಯಂತೂ ಬೇಡವೇ ಬೇಡ. ಹೆಸರು ಬರೆಯುತ್ತಾರೆಂದು ಗೊತ್ತಾದರೆ ಹೋಳುಗಳು ಬಕೆಟ್ಟಿನ ಬದಲು ಕಾಂಪೌಂಡಿನ ಆಚೆ ಬೀಳುತ್ತವೆ.

ಈ ಬಕೆಟ್ಟು ಅಡುಗೆಮನೆಯ ಕಥೆ ಹೇಳುತ್ತದೆ. ಬಹಳಷ್ಟು ಮಕ್ಕಳು ತರಕಾರಿ ಬಿಡುವುದು ರುಚಿಗಿಂತ ಹೆಚ್ಚಾಗಿ ಅದು ಬಾಯಿಗೆ ಸಿಗುವ ಬಗೆಗೆ: ಬೀನ್ಸಿನ ನಾರು, ಹೀರೆಕಾಯಿಯ ಏಣು, ಬದನೆಕಾಯಿಯ ಜಾರುವ ಸಿಪ್ಪೆ. ಎಲ್ಲವನ್ನೂ ಬೇಳೆಯ ಜೊತೆ ಒಟ್ಟಿಗೆ ಹಾಕಿದರೆ ಸೋರೆಕಾಯಿ ಕರಗುವ ಹೊತ್ತಿಗೂ ಕ್ಯಾರೆಟ್ ಗಟ್ಟಿಯಾಗಿಯೇ ಇರುತ್ತದೆ. ಬೇಳೆ ಬೇರೆ ಬೇಯಿಸಿಕೊಳ್ಳಿ. ಗಟ್ಟಿ ತರಕಾರಿ ಮೊದಲು, ಸೋರೆ, ಸೀಮೆಬದನೆಯಂಥವು ಆಮೇಲೆ, ಸೊಪ್ಪು ಕೊನೆಗೆ. ಹೋಳು ಅರ್ಧ ಇಂಚಿಗಿಂತ ದೊಡ್ಡದಿರಬಾರದು; ಅನ್ನದ ತುತ್ತಿನೊಳಗೆ ಸೇರಿಹೋಗುವಷ್ಟಿದ್ದರೆ ಆರಿಸುವ ತಾಳ್ಮೆ ಆ ವಯಸ್ಸಿಗಿಲ್ಲ. ಮೂರು ಕೆ.ಜಿ. ಸಣ್ಣಗೆ ಹೆಚ್ಚಲು ಹೊತ್ತು ಹಿಡಿಯುತ್ತದೆ ಎಂಬುದು ಅಡುಗೆಯವರ ನ್ಯಾಯವಾದ ದೂರು. ಹರಿತವಾದ ಎರಡು ಚಾಕು, ಒಂದು ಒಳ್ಳೆಯ ಈಳಿಗೆಮಣೆ ಕೊಡಿಸಿ ಆಮೇಲೆ ಮಾತಾಡಿ.

ನುಗ್ಗೆಸೊಪ್ಪನ್ನು ಪ್ರತ್ಯೇಕ ಹೇಳಬೇಕು, ಏಕೆಂದರೆ ಕಾಸಿಲ್ಲದೆ ಸಿಗುವ ಇದನ್ನೇ ಹೆಚ್ಚು ಕೆಡಿಸುತ್ತೇವೆ. ಕಡ್ಡಿಯೆಲ್ಲ ಬಿಡಿಸಿದ ಎಳೆ ಎಲೆ 300ರಿಂದ 400 ಗ್ರಾಂ ಅರವತ್ತು ಮಕ್ಕಳ ಸಾರಿಗೆ ಸಾಕು. ಕುದಿಯುವ ಬೇಳೆಗೆ ಕೊನೆಯ ನಾಲ್ಕೈದು ನಿಮಿಷ ಹಾಕಿ, ಮುಚ್ಚಳ ತೆರೆದೇ ಬೇಯಿಸಿ, ಇಳಿಸಿದ ಮೇಲೆ ಎರಡು ನಿಂಬೆಹಣ್ಣು ಹಿಂಡಿ. ಬಲಿತ ಎಲೆಯನ್ನು ಅರ್ಧ ಗಂಟೆ ಕುದಿಸಿದರೆ ಕಹಿ, ವಾಸನೆ ಎರಡೂ ಏರಿ, ಆ ವಾರವಿಡೀ ಹಸಿರು ಕಂಡರೆ ಮಕ್ಕಳು ಮುಖ ತಿರುಗಿಸುತ್ತಾರೆ. ನಿಂಬೆ ಬರೀ ರುಚಿಗಲ್ಲ. ಅದರ ವಿಟಮಿನ್ ಸಿ ಸೊಪ್ಪು, ಬೇಳೆಯ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ಮೊಟ್ಟೆಯ ಹಳದಿ ಬಿಡುವವರ ಸಂಖ್ಯೆ ಹೆಚ್ಚಿದ್ದರೆ ತಪ್ಪು ಒಲೆಯಲ್ಲಿದೆ. ತಣ್ಣೀರಿನಲ್ಲಿಟ್ಟು, ಕುದಿ ಬಂದ ಮೇಲೆ 10–12 ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಮರೆತು ಅರ್ಧ ಗಂಟೆ ಬಿಟ್ಟರೆ ಹಳದಿಯ ಸುತ್ತ ಹಸಿರು ಬಳೆ ಕಟ್ಟಿ, ಗಂಧಕದ ವಾಸನೆ ಬಂದು, ಗಂಟಲಿಗೆ ಹಿಟ್ಟು ಹಿಟ್ಟಾಗುತ್ತದೆ. 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ಏರಿದ ಮೇಲೆ ಈ ಚಿಕ್ಕ ವಿಷಯ ಚಿಕ್ಕದಾಗಿ ಉಳಿದಿಲ್ಲ. ಮೊಟ್ಟೆ ತಿನ್ನದ ಮನೆಯ ಮಗುವಿಗೆ ಬಾಳೆಹಣ್ಣು ಅದೇ ಸಾಲಿನಲ್ಲೇ ಸಿಗಲಿ. ಬೇರೆ ಸಾಲು ಮಾಡಬೇಡಿ.

ಇನ್ನು ಬಡಿಸುವುದು. ವಾರಕ್ಕೆರಡು ದಿನ ಮೂರು ಕೆ.ಜಿ.ಯಲ್ಲಿ ಎರಡನ್ನು ತೆಗೆದಿಟ್ಟು, ಅಂದಿನ ಬೇಳೆಯಲ್ಲೇ ಒಂದು ಪಾಲು ಹೆಸರುಬೇಳೆ ಸೇರಿಸಿ ಪಲ್ಯ ಮಾಡಿಸಿ. ಕೈತೊಳೆದು ಕೂತ ಕೂಡಲೇ ತಟ್ಟೆಗೆ ಮೊದಲು ಪಲ್ಯ ಬೀಳಲಿ, ಅನ್ನದ ಪಾತ್ರೆ ಮೂರ್ನಾಲ್ಕು ನಿಮಿಷ ಕಳೆದು ಬರಲಿ. ಹಸಿವು ಕಡುವಾಗಿರುವ ಆ ಹೊತ್ತಿನಲ್ಲಿ ಎದುರಿಗಿರುವುದನ್ನೇ ತಿನ್ನುತ್ತಾರೆ. ಒಂದು ಚಮಚವಷ್ಟೇ ಬಡಿಸಿ, ಕೇಳಿದವರಿಗೆ ಮತ್ತೆ ಹಾಕಿ. ಗುಡ್ಡೆ ಕಂಡರೆ ಮಗು ಮೊದಲೇ ಸೋಲುತ್ತದೆ. ಊಟಕ್ಕೆ ಮುಂಚೆ ಹತ್ತು ನಿಮಿಷ ಆಟಕ್ಕೆ ಬಿಟ್ಟರೆ ಇನ್ನೂ ಒಳ್ಳೆಯದು. ಆಟ ಊಟದ ನಂತರವಾದರೆ ಅರ್ಧ ತಟ್ಟೆ ಬಿಟ್ಟು ಓಡುವುದು ಮಕ್ಕಳ ಜಾಯಮಾನ.

ಹೊಸ ತರಕಾರಿಯೊಂದು ಒಗ್ಗಲು ಎಂಟು-ಹತ್ತು ಸಲ ಬಾಯಿಗೆ ಬೀಳಬೇಕಾಗಬಹುದು. ಎರಡು ಸಲ ಬಿಟ್ಟರೆಂದು ಮೆನುವಿನಿಂದ ತೆಗೆಯುವುದು ಆತುರ. ಎಲ್ಲವನ್ನೂ ರುಬ್ಬಿ ಸಾಂಬಾರಿನಲ್ಲಿ ಮರೆಮಾಡುವ ಉಪಾಯ ಕೆಲವರಿಗೆ ಇಷ್ಟ; ಕುಂಬಳಕಾಯಿಗೆ ಒಂದೆರಡು ದಿನ ನಡೆಯುತ್ತದೆ, ಆದರೆ ಕಾಣದ ತರಕಾರಿ ಅಭ್ಯಾಸವಾಗುವುದಿಲ್ಲ. ತಿಂದವರಿಗೆ ಚಾಕೊಲೇಟು ಕೊಡುವುದು ಇದಕ್ಕಿಂತ ಕೆಟ್ಟದ್ದು: ತರಕಾರಿ ಶಿಕ್ಷೆ, ಚಾಕೊಲೇಟು ಬಹುಮಾನ ಎಂಬ ಪಾಠವನ್ನು ಶಾಲೆಯೇ ಕಲಿಸಿದಂತಾಯಿತು. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಹೇಗೂ ಇದೆ. ಅದನ್ನು ಮಕ್ಕಳ ಸಾಲಿನಲ್ಲೇ ಕೂತು ಉಣ್ಣುವವರೆಗೆ ಬೆಳೆಸಬಹುದು.

ಬೆಳಗಿನ ಹಾಲು, ರಾಗಿ ಮಾಲ್ಟ್ ಶಾಲೆ ಶುರುವಾದ ಕೂಡಲೇ ಆಗಿಹೋಗಲಿ. ಹನ್ನೊಂದೂವರೆಗೆ 150 ಮಿ.ಲೀ. ಹಾಲು ಕುಡಿದ ಮಗುವಿಗೆ ಊಟದ ಹೊತ್ತಿಗೆ ಹಸಿವೆಯಿರುವುದಿಲ್ಲ.

ಅಂಗಡಿಯ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ, ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸುಗಳನ್ನು ಶಾಲೆಯೊಳಗೆ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ. ಆದರೆ ಮೊದಲ ದಿನವೇ ನಿಯಮದ ಪ್ರತಿ ಹಿಡಿದು ಹೋದರೆ ಊರಲ್ಲಿ ಜಗಳ ಮಾತ್ರ ಉಳಿಯುತ್ತದೆ; ಅಂಗಡಿಯವರ ಮಗುವೂ ನಿಮ್ಮ ಶಾಲೆಯದ್ದೇ ಇರಬಹುದು. ಗಿರಾಕಿಯ ಕಡೆಯಿಂದ ಹೊರಡಿ. ಪೋಷಕರ ಸಭೆಯಲ್ಲಿ ಒಂದೇ ನಿರ್ಣಯ ಮಾಡಿ: ಶಾಲೆಯ ದಿನ ಮಕ್ಕಳ ಕೈಗೆ ಕಾಸಿಲ್ಲ. ಸಕ್ಕರೆಯ ಲೆಕ್ಕವನ್ನು ಅಲ್ಲೇ ತೋರಿಸಿ: ಸಾಮಾನ್ಯ ಕೂಲ್‌ಡ್ರಿಂಕಿನ 250 ಮಿ.ಲೀ. ಬಾಟಲಿಯಲ್ಲಿ ಸುಮಾರು 25 ಗ್ರಾಂ, ಅಂದರೆ ಐದಾರು ಟೀ ಚಮಚ; ತಟ್ಟೆಗೆ ಸುರಿದು ಇಟ್ಟರೆ ಭಾಷಣ ಬೇಕಾಗುವುದಿಲ್ಲ. ಅಂಗಡಿಯವರಿಗೆ ಬದಲಿ ಸರಕು ಸೂಚಿಸಿ: ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಚಿಕ್ಕಿ, ಬಾಳೆಹಣ್ಣು, ಇಡೀ ಸೀಬೆಹಣ್ಣು. ಹೆಚ್ಚಿಟ್ಟ ಹಣ್ಣು ಬೇಡ, ನೊಣ ಕೂರುತ್ತದೆ. ಹುಟ್ಟುಹಬ್ಬದ ಚಾಕೊಲೇಟು ಹಂಚಿಕೆಯನ್ನೂ ಹಾಗೆಯೇ ಬಾಳೆಹಣ್ಣಿಗೋ ಶೇಂಗಾ ಉಂಡೆಗೋ ತಿರುಗಿಸಬಹುದು.

ಕೈತೋಟ ಮಾಡಿ, ಆದರೆ ಅದರಿಂದ ಅಡುಗೆಮನೆ ನಡೆಯುತ್ತದೆಂದು ಎಣಿಸಬೇಡಿ. ದಿನಕ್ಕೆ ಮೂರು ಕೆ.ಜಿ. ಕೊಡುವಷ್ಟು ಜಾಗ ಶಾಲೆಯಲ್ಲಿರುವುದಿಲ್ಲ. ಬೇಸಿಗೆ ರಜೆಯಲ್ಲಿ ದಂಟು, ಪಾಲಕ್ ಮಡಿಗಳು ಒಣಗಿಹೋಗುತ್ತವೆ. ಕಾಂಪೌಂಡಿನ ಅಂಚಿಗೆ ನುಗ್ಗೆ, ಕರಿಬೇವು, ಕೈತೊಳೆಯುವ ನೀರು ಹರಿಯುವಲ್ಲಿ ಬಸಳೆ ಹಾಕಿದರೆ ಉಳಿಯುವ ಸಾಧ್ಯತೆ ಹೆಚ್ಚು. ತಾವೇ ಕಿತ್ತು ತಂದ ಸೊಪ್ಪನ್ನು ಮಕ್ಕಳು ಸುಲಭವಾಗಿ ಬಿಡುವುದಿಲ್ಲ, ಕೈತೋಟದ ನಿಜವಾದ ಫಸಲು ಅದು.

ಒಂದು ತಿಂಗಳಾದ ಮೇಲೆ ಮತ್ತೆ ಒಂದು ವಾರ ಬಕೆಟ್ ತೂಗಿ. ಆಗಲೂ ತರಕಾರಿಯಷ್ಟೇ ಅಲ್ಲ, ಅನ್ನವನ್ನೂ ಬಿಡುವ ಮಗು ಕಂಡರೆ ಅದು ರುಚಿಯ ವಿಷಯವಲ್ಲ. ಹುಳುಕು ಹಲ್ಲು, ಜಂತುಹುಳು, ರಕ್ತಹೀನತೆ ಇವುಗಳಲ್ಲಿ ಯಾವುದೂ ಇರಬಹುದು. ವರ್ಷಕ್ಕೆರಡು ಸಲ ಕೊಡುವ ಜಂತುಹುಳುವಿನ ಮಾತ್ರೆಯ (ಅಲ್ಬೆಂಡಜೋಲ್) ದಿನ, ವಾರದ ಕಬ್ಬಿಣಾಂಶದ ಮಾತ್ರೆಯ ದಿನ ಆ ಮಗು ಗೈರಾಗಿತ್ತೇ ಎಂದು ಹಾಜರಿಯಲ್ಲಿ ನೋಡಿ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಶಾಲೆಗೆ ಬಂದಾಗ ಮೊದಲು ತೋರಿಸಿ. ತಂಡ ಬರುವುದು ತಡವಾದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಮನೆಯವರಿಗೆ ಹೇಳಿ.