ಗುಡ್ಡ ಉಳಿಸಿದರೆ ಗುಡ್ಡದ ಬುಡದ ಊರಿಗೇನು ಲಾಭ?

ಪ್ರಶ್ನೆ: ನಮ್ಮದು ಹೊಳಲ್ಕೆರೆ ಕಡೆಯ ಊರು, ಗುಡ್ಡದ ಬುಡದಲ್ಲೇ ಇದೆ. ಕುರಿ ಬಿಡಬೇಡಿ, ಸೌದೆ ತರಬೇಡಿ, ಹುಲ್ಲಿಗೆ ಬೆಂಕಿ ಹಾಕಬೇಡಿ ಅಂತಾರೆ. ಎಲ್ಲ ಬಿಟ್ಟೆವು ಅಂತಲೇ ಇಟ್ಟುಕೊಳ್ಳಿ. ನಮಗೇನು ಸಿಗುತ್ತೆ?

ಉತ್ತರ: ನೀರು ಸಿಗುತ್ತದೆ. ಆದರೆ ಅದರಲ್ಲಿ ನಿಮ್ಮ ಪಾಲು ತಾನಾಗಿ ಬರುವುದಿಲ್ಲ, ಕೇಳಿ ತೆಗೆದುಕೊಳ್ಳಬೇಕು.

ಮೊದಲು ನೀರಿನ ಮಾತು. ಚಿತ್ರದುರ್ಗದ ಕೋಟೆ ಹತ್ತಿದವರು ಗೋಪಾಲಸ್ವಾಮಿ ಹೊಂಡ ನೋಡಿಯೇ ಇರುತ್ತಾರೆ. ಸುತ್ತಲ ಬಂಡೆಗಳ ಮೇಲೆ ಬಿದ್ದ ಮಳೆ ಅಲ್ಲಿ ಬಂದು ನಿಲ್ಲುತ್ತದೆ. ಅದು ತುಂಬಿ ಕೋಡಿ ಹರಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡಕ್ಕೆ. ಪಾಳೇಗಾರರ ಕಾಲದವರು ನೀರನ್ನು ಮೇಲೆಯೇ ತಡೆದು, ಮಿಕ್ಕಿದ್ದನ್ನಷ್ಟೇ ಕೆಳಗೆ ಬಿಟ್ಟರು. ಮಳೆನೀರನ್ನು ಬಿದ್ದಲ್ಲೇ ಹಿಡಿದಿಡುವ ಈಗಿನ ಜಲಾನಯನ ಯೋಜನೆಗಳು ಹೇಳುವುದೂ ಇದನ್ನೇ: ಕೆಲಸ ಗುಡ್ಡದ ನೆತ್ತಿಯಿಂದ ಶುರುವಾಗಬೇಕು.

ಚಳ್ಳಕೆರೆ ಕಡೆ ವರ್ಷದ ಮಳೆಯೇ 500 ಮಿಲಿಮೀಟರ್ ಆಸುಪಾಸು. ಹೊಳಲ್ಕೆರೆಗೆ ಸ್ವಲ್ಪ ಜಾಸ್ತಿ, ಆದರೂ ಮಲೆನಾಡೇನಲ್ಲ. ಇಷ್ಟು ಮಳೆ ಬೋಳು ಗುಡ್ಡದ ಮೇಲೆ ಬಿದ್ದರೆ ಅರ್ಧ ಗಂಟೆಯಲ್ಲಿ ಹಳ್ಳ ಸೇರಿ ಹೋಗುತ್ತದೆ. ಹೋಗುವಾಗ ಮಣ್ಣನ್ನೂ ಕೊಂಡೊಯ್ದು ಕೆರೆಗೆ ಹೂಳು ತುಂಬುತ್ತದೆ. ಹುಲ್ಲು, ಕುರುಚಲು ಗಿಡ ಇದ್ದರೆ ನೀರು ನಿಂತು ನಿಂತು ಇಳಿಯುತ್ತದೆ, ಕೆಳಗಿನ ಬಾವಿ, ಬೋರ್‌ವೆಲ್‌ಗಳಿಗೆ ಒಂದಿಷ್ಟು ಜೀವ ಬರುತ್ತದೆ. ಅಡಿಕೆ ತೋಟ ಮಾಡಿಕೊಂಡು ಬೋರ್ ಮೇಲೆ ಬೋರ್ ಕೊರೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ದೂರದ ಗುಡ್ಡವೂ ಲೆಕ್ಕಕ್ಕೆ ಬರುತ್ತದೆ. 1907ರಲ್ಲಿ ಮುಗಿದ ವಾಣಿ ವಿಲಾಸ ಸಾಗರ ಜಲಾಶಯದ ಕಟ್ಟೆ ಇರುವುದು ಮಾರಿಕಣಿವೆಯ ಎರಡು ಗುಡ್ಡಗಳ ನಡುವೆ. ಅಲ್ಲಿಗೆ ಬರುವ ವೇದಾವತಿ ಹೊಳೆ ಹುಟ್ಟುವುದು ಬಾಬಾಬುಡನ್‌ಗಿರಿ ಸಾಲಿನಲ್ಲಿ.

ಇನ್ನು ಪಾಲಿನ ಮಾತು. ಗುಡ್ಡ ಉಳಿಸಿದ ಲಾಭ ಸಾಮಾನ್ಯವಾಗಿ ಕೆಳಗೆ ಜಮೀನು ಇದ್ದವನಿಗೆ ಹೋಗುತ್ತದೆ. ಕುರಿ ಕಟ್ಟಿಹಾಕಿದವನಿಗೆ ಏನೂ ಇಲ್ಲ. ನಿಮ್ಮ ಪ್ರಶ್ನೆಯಲ್ಲಿರುವ ಸಿಟ್ಟು ಅದೇ. ಅದು ನ್ಯಾಯದ ಸಿಟ್ಟು.

ಇದಕ್ಕೆ ದಾರಿ ಕಂಡುಕೊಂಡ ಒಂದು ಊರಿದೆ. ಹರಿಯಾಣದ ಶಿವಾಲಿಕ್ ಗುಡ್ಡಗಳ ಬುಡದ ಸುಖೋಮಾಜ್ರಿ. ಅಲ್ಲಿನ ಗುಡ್ಡದ ಮಣ್ಣು ಕೊಚ್ಚಿಬಂದು ಚಂಡೀಗಢದ ಸುಖನಾ ಕೆರೆ ಹೂಳಾಗುತ್ತಿತ್ತು. 1970ರ ದಶಕದಲ್ಲಿ ಊರ ಹತ್ತಿರ ಸಣ್ಣ ಮಣ್ಣಿನ ಕಟ್ಟೆ ಕಟ್ಟಿದರು. ನಿಂತ ನೀರಿನಲ್ಲಿ ಪ್ರತಿ ಮನೆಗೂ ಸಮ ಪಾಲು ಕೊಟ್ಟರು, ಜಮೀನು ಇಲ್ಲದವರಿಗೂ. ಅವರು ತಮ್ಮ ಪಾಲನ್ನು ಬೇರೆಯವರಿಗೆ ಕೊಟ್ಟು ಪ್ರತಿಫಲ ಪಡೆಯಬಹುದಿತ್ತು. ಆಮೇಲೆ ಗುಡ್ಡಕ್ಕೆ ಆಡು ಬಿಡುವುದನ್ನು ಊರವರೇ ನಿಲ್ಲಿಸಿದರು. ಬೇಲಿ ಬೇಕಾಗಲಿಲ್ಲ, ಗಾರ್ಡೂ ಬೇಕಾಗಲಿಲ್ಲ. ಗುಡ್ಡದಲ್ಲಿ ಹುಲ್ಲೂ ಬೆಳೆಯಿತು, ಅದನ್ನು ಕೊಯ್ದು ತಂದು ಎಮ್ಮೆ ಸಾಕಿದರು.

ನಮ್ಮಲ್ಲಿ ಹಾಗೇ ನಕಲು ಮಾಡಿ ಅಂತ ನಾನು ಹೇಳುವುದಿಲ್ಲ. ಕುರಿ ಸಾಕುವವರಿಗೆ ಒಂದೇ ಸಲ ಇಡೀ ಗುಡ್ಡ ಮುಚ್ಚಿದರೆ ಅವರು ರಾತ್ರಿ ಹೊತ್ತು ಕುರಿ ಬಿಡುತ್ತಾರೆ, ಅಷ್ಟೇ. ಒಂದು ಮಗ್ಗುಲನ್ನು ಎರಡು-ಮೂರು ವರ್ಷ ಮೇಯಿಸದೆ ಬಿಟ್ಟು, ಇನ್ನೊಂದು ಮಗ್ಗುಲಲ್ಲಿ ಮೇಯಿಸುವುದು ನಡೆಯುವ ಮಾತು. ಯಾವ ಮಗ್ಗುಲು ಅಂತ ಕುರಿಯವರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು.

ಗುಡ್ಡದ ಮೇಲೆ ನಿಲ್ಲಿಸುವ, ಕರೆಂಟು ತೆಗೆಯುವ ಗಾಳಿ ಫ್ಯಾನ್ ಬಗ್ಗೆಯೂ ಕೇಳುವವರಿದ್ದಾರೆ. ಫ್ಯಾನ್ ಬೇಡ ಅನ್ನುವ ವಾದ ನನ್ನದಲ್ಲ. ತೊಂದರೆ ಇರುವುದು ಅದನ್ನು ಸಾಗಿಸಲು ಗುಡ್ಡ ಕಡಿದು ಮಾಡುವ ರಸ್ತೆಯಲ್ಲಿ. ಮೋರಿ, ಕಲ್ಲಿನ ತಡೆ ಇಲ್ಲದಿದ್ದರೆ ಮಳೆಗಾಲದಲ್ಲಿ ಆ ರಸ್ತೆಯೇ ಹಳ್ಳವಾಗುತ್ತದೆ. ಗಣಿಯ ಕತೆ ಇನ್ನೂ ದೊಡ್ಡದು. ಆದರೆ 2015ರ ಕಾನೂನು ತಿದ್ದುಪಡಿಯಿಂದ ಗಣಿ ಕಂಪನಿಗಳು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಣ ಕಟ್ಟಲೇಬೇಕು. ಅದು ಗಣಿಯಿಂದ ತೊಂದರೆಯಾದ ಊರುಗಳಿಗೇ ಇರುವ ಹಣ. ನಿಮ್ಮೂರು ಆ ಪಟ್ಟಿಯಲ್ಲಿದೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ.

ಗ್ರಾಮಸಭೆಗೆ ಹೋದಾಗ ಕ್ರಿಯಾ ಯೋಜನೆಯನ್ನೂ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯನ್ನೂ, ತೆಗೆಸಿ ನೋಡಿ. ರಸ್ತೆ ಪಕ್ಕ ಎಲ್ಲರಿಗೂ ಕಾಣುವ ಹಾಗೆ ಚೆಕ್‌ಡ್ಯಾಂ ಬರೆದು, ಗುಡ್ಡದ ಮೇಲೆ ನೀರು ಇಂಗಿಸಲು ತೋಡುವ ಟ್ರೆಂಚ್ ಬಿಟ್ಟಿದ್ದರೆ ಸುಮ್ನೆ ಕೂರಬೇಡಿ. ಮೇಲಿನ ಕೆಲಸ ಆಗದೆ ಕೆಳಗೆ ಕಟ್ಟಿದ ಚೆಕ್‌ಡ್ಯಾಂ ಕೆಲವೇ ಮಳೆಗೆ ಹೂಳು ತುಂಬುತ್ತದೆ.