ಸಾವಿರ ಕೈಗಳ ಲೆಕ್ಕ

ಮುಂಡಗೋಡದ ಟಿಬೆಟನ್ ಮಠಗಳನ್ನು ನೋಡಿಕೊಂಡು ಹುಬ್ಬಳ್ಳಿಗೆ ಮರಳುವವರಲ್ಲಿ ಕೆಲವರು, ಬೌದ್ಧರ ಕರುಣಾಮೂರ್ತಿಯಾದ ಸಾವಿರ ಕೈಗಳ ಅವಲೋಕಿತೇಶ್ವರನನ್ನು ನೆನೆದು, ಹಿಂದೆ ಇಂಥ ದೇಹದವರು ನಿಜವಾಗಿಯೂ ಇದ್ದರೆಂದು ಮಕ್ಕಳಿಗೆ ಹೇಳುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ಕೈಗಳು ಅಂಗರಚನೆಯಲ್ಲ, ಲಿಪಿ. ನೆರವಾದವನನ್ನು ‘ಕೈಹಿಡಿದ’ ಎಂದೂ ದೂರವಾದವನನ್ನು ‘ಕೈಬಿಟ್ಟ’ ಎಂದೂ ಹೇಳುವ ಕನ್ನಡಿಗರಿಗೆ ಈ ಲಿಪಿ ಕಷ್ಟವಾಗಬಾರದು.

ಗದಗ ಜಿಲ್ಲೆಯ ಡಂಬಳದಲ್ಲಿ ಹದಿನಾರು ಶೆಟ್ಟರು ಕಟ್ಟಿಸಿದ ಬೌದ್ಧ ವಿಹಾರವನ್ನು ಹೇಳುವ 1095ರ ಶಾಸನವು, ಅವಲೋಕಿತೇಶ್ವರನ ಕಣ್ಣೀರಿನಿಂದ ಹುಟ್ಟಿದಳೆಂದು ಬೌದ್ಧರು ನಂಬುವ ತಾರಾದೇವಿಯನ್ನು ಸಿಂಹ, ಆನೆ, ಬೆಂಕಿ, ಹಾವು, ಕಳ್ಳರು, ಸಂಕೋಲೆ, ಕಡಲು, ಪಿಶಾಚಿ ಇವುಗಳ ಭಯವನ್ನು ನೀಗುವವಳೆಂದು ಸ್ತುತಿಸುತ್ತದೆ. ಪಿಶಾಚಿಯೊಂದನ್ನು ಬಿಟ್ಟರೆ ಇವೆಲ್ಲ ಸರಕು ಹೇರಿಕೊಂಡು ದೂರ ಹೋಗುವ ವ್ಯಾಪಾರಿಯ ದಿನನಿತ್ಯದ ಭಯಗಳೇ. ಔರಂಗಾಬಾದಿನ 7ನೆಯ ಗುಹೆಯ ಶಿಲ್ಪಿಯು ಇಂಥದೇ ಎಂಟು ಆಪತ್ತುಗಳನ್ನು ಎರಡೇ ಕೈಯ ಅವಲೋಕಿತೇಶ್ವರನ ಇಕ್ಕೆಲಗಳಲ್ಲಿ ಎಂಟು ಪುಟ್ಟ ದೃಶ್ಯಗಳಾಗಿ ಕೆತ್ತಿದ್ದಾನೆ. ಆದರೆ ಆಪತ್ತು ಎಂಟಕ್ಕೆ ನಿಲ್ಲದಿದ್ದರೆ ಗೋಡೆ ಸಾಲದು. ದೃಶ್ಯಗಳನ್ನು ಕೈಬಿಟ್ಟು, ನೆರವಿನ ಕೈಯನ್ನೇ ಮತ್ತೆ ಮತ್ತೆ ಬರೆಯುವುದು ಇನ್ನೊಂದು ದಾರಿ.

ಅಲ್ಲಿಯೂ ಮಿತವ್ಯಯವಿದೆ. ಚೀನಾ, ಜಪಾನಿನ ಅನೇಕ ಮೂರ್ತಿಗಳಲ್ಲಿ ಇರುವುದು 42 ಕೈಗಳು. ಮುಗಿದ ಎರಡನ್ನು ಬಿಟ್ಟರೆ ಉಳಿದ 40ರಲ್ಲಿ ಪ್ರತಿಯೊಂದೂ 25 ಲೋಕಗಳ ಜೀವಿಗಳನ್ನು ಕಾಯುತ್ತದೆ, ಅಲ್ಲಿಗೆ ಸಾವಿರ. ಹತ್ತರ ಸ್ಥಾನದಲ್ಲಿ ಕುಳಿತ ಒಂದು ಅಂಕಿ ಹತ್ತರಷ್ಟು ಬೆಲೆ ಪಡೆಯುವಂತೆ, ಒಂದು ಕೊಳಗ ಹಲವು ಸೇರುಗಳನ್ನು ತನ್ನೊಳಗೆ ಹಿಡಿಯುವಂತೆ, ಇಲ್ಲಿ ಒಂದು ಕೈ ಇಪ್ಪತ್ತೈದಾಗುತ್ತದೆ. ಅಂಗೈಯಲ್ಲಿರುವ ಕಣ್ಣು ನೋಡುವುದಕ್ಕೂ ನೆರವಾಗುವುದಕ್ಕೂ ನಡುವೆ ವಿಳಂಬವಿಲ್ಲವೆಂದು ಸೂಚಿಸುತ್ತದೆ, ಮತ್ತು ಇಡೀ ಶಿಲ್ಪದಲ್ಲಿ ನನಗೆ ಅತ್ಯಂತ ಪ್ರಿಯವಾದ ಕಲ್ಪನೆ ಅದೇ.

ಇನ್ನು ಎಷ್ಟು ಕೈ ಎಂಬುದನ್ನು ಭಕ್ತಿಯಷ್ಟೇ ಅಲ್ಲ, ವಸ್ತುವೂ ತೀರ್ಮಾನಿಸುತ್ತದೆ. ಕಲ್ಲು ಭಾರವನ್ನು ಹೊರಬಲ್ಲದು, ಎಳೆತವನ್ನು ತಾಳಲಾರದು. ಚಾಚಿದ ಕಲ್ಲಿನ ತೋಳಿನ ಮೇಲ್ಭಾಗವು ತನ್ನದೇ ತೂಕದಿಂದ ಎಳೆತಕ್ಕೆ ಸಿಕ್ಕು ಹೆಗಲ ಬಳಿ ಬಿರುಕು ಬಿಡುತ್ತದೆ. ಆದ್ದರಿಂದಲೇ ಕಲ್ಲಿನ ಶಿಲ್ಪಿ ಹೆಚ್ಚುವರಿ ತೋಳುಗಳನ್ನು ಸಾಮಾನ್ಯವಾಗಿ ಹಿಂಬದಿಯ ಹಲಗೆಗೆ ಅಂಟಿಸಿಯೇ ಕೆತ್ತುತ್ತಾನೆ. ಎಳೆತವನ್ನು ತಾಳುವ ಕಂಚಿನಲ್ಲಿ ಈ ಅಂಜಿಕೆ ಕಡಿಮೆ. ಮಂಗಳೂರಿನ ಕದ್ರಿಯಲ್ಲಿ 968ರಲ್ಲಿ ಪ್ರತಿಷ್ಠಾಪಿಸಿದ ಮೂರು ಮುಖಗಳ ಲೋಕೇಶ್ವರನು (ಅವಲೋಕಿತೇಶ್ವರನಿಗೇ ಇನ್ನೊಂದು ಹೆಸರು) ಆರು ತೋಳುಗಳನ್ನು ಧರಿಸಿ ಕುಳಿತಿದ್ದಾನೆ. ಬೇರೆ ಬೇರೆಯಾಗಿ ಮಾಡಿದ ಹಗುರ ಕೈಗಳನ್ನು ಜೋಡಿಸಲು ಮರ ಇನ್ನೂ ಅನುಕೂಲ. ಜಪಾನಿನ ನಾರಾದ ತೋಶೋದೈಜಿ ಎಂಬ ಬೌದ್ಧ ದೇವಾಲಯದಲ್ಲಿ, ಮರದ ಒಡಲಿಗೆ ಅರಗು ಲೇಪಿಸಿ ಮಾಡಿದ ಎಂಟನೆಯ ಶತಮಾನದ ಮೂರ್ತಿಯೊಂದರಲ್ಲಿ ಇಂದಿಗೂ 953 ಕೈಗಳು ಉಳಿದಿವೆ.